ಮಳೆ ಬಂದರೆ ನಿಲ್ಲುವ ವೈಪರ್

ಕಳೆದ ಗುರುವಾರ ಬೆಳಿಗ್ಗೆ ಎಂಟೂವರೆ ಸುಮಾರಿಗೆ, ಬಿ.ಜಿ. ಕೆರೆ ದಾಟಿ ಸ್ವಲ್ಪ ದೂರದಲ್ಲಿ, ಹೈವೇ ಪಕ್ಕ ಒಂದು ಹಳೇ ಬಿಳಿ ಕಾರು ಇಂಡಿಕೇಟರ್ ಹಾಕಿಕೊಂಡು ನಿಂತಿದ್ದನ್ನು ನೀವು ಯಾರಾದರೂ ನೋಡಿದಿರಾ?

ನೋಡಿರಲಾರಿರಿ ಬಿಡಿ. ಆ ಮಳೆಯಲ್ಲಿ ಮುಂದಿನ ಲಾರಿಯ ಕೆಂಪು ದೀಪ ಕಂಡರೆ ಅದೇ ಪುಣ್ಯ.

ಆ ಕಾರು ನನ್ನದು. ಎಡಗಡೆ ಸೀಟಿನಲ್ಲಿ ಏದುಸಿರು ಬಿಡುತ್ತಾ ಕೂತಿದ್ದವಳು ನಮ್ಮಕ್ಕ ಪಾಲಮ್ಮ. ಹತ್ತು ಗಂಟೆಗೆ ಚಳ್ಳಕೆರೆ ಆಸ್ಪತ್ರೆಯಲ್ಲಿ ಅವಳ ಡಯಾಲಿಸಿಸ್. ಗಾಜಿನ ಮೇಲೆ ಬಕೆಟ್‌ನಲ್ಲಿ ಸುರಿದ ಹಾಗೆ ನೀರು. ವೈಪರ್ ಅರ್ಧ ದಾರಿಗೆ ಬಂದು ನಿಂತುಬಿಟ್ಟಿತ್ತು.

ಮೂವತ್ತು ವರ್ಷದಿಂದ ಮೋಟಾರ್ ರಿಪೇರಿ ಮಾಡಿ ಅನ್ನ ತಿನ್ನುವವನ ಕಾರಿನಲ್ಲಿ, ಅಂಗೈ ಅಗಲದ ಒಂದು ಮೋಟಾರು ಕೈ ಕೊಟ್ಟಿತ್ತು.

ಹೊಸದಾಗಿ ಈ ಅಂಕಣ ಓದುವವರಿಗೆ ಒಂದು ಮಾತು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಚಳ್ಳಕೆರೆಯಲ್ಲಿ ಬೋರ್‌ವೆಲ್ ಮೋಟಾರ್‌ಗಳಿಗೆ ತಾಮ್ರದ ತಂತಿ ಸುತ್ತಿ ಕಾಯಿಲ್ ಕಟ್ಟುವ ಅಂಗಡಿ ನನ್ನದು. ಸುಟ್ಟು ಕರಕಲಾದ ಮೋಟಾರ್ ತಂದು ಹಾಕಿದರೆ, ಮತ್ತೆ ನೀರು ಎತ್ತೋ ಹಾಗೆ ಮಾಡಿ ಕಳಿಸುತ್ತೇನೆ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ದುಡಿದು ಕಲಿತದ್ದಕ್ಕೆ ನಾಚಿಕೆ ಯಾಕೆ?

ಆದರೆ ಈ ವಾರದ ಕಥೆಯಲ್ಲಿ ಜಂಬಕ್ಕೆ ಜಾಗ ಕಡಿಮೆ.

ನಮ್ಮ ಕಡೆ ವೈಪರನ್ನು ಯಾರು ನೋಡುತ್ತಾರೆ ಹೇಳಿ? ಟೈರ್ ನೋಡುತ್ತೇವೆ. ಬ್ಯಾಟರಿ ನೋಡುತ್ತೇವೆ. ಎ.ಸಿ. ತಣ್ಣಗೆ ಬರುತ್ತಾ ಅಂತ ಕೈ ಒಡ್ಡಿ ನೋಡುತ್ತೇವೆ. ವೈಪರ್ ಇರುವುದು ಧೂಳು ಒರೆಸುವುದಕ್ಕೆ ಅನ್ನೋದೇ ನಮ್ಮ ತಿಳುವಳಿಕೆ. ಇಲ್ಲಿ ಮಳೆ ಅನ್ನೋದು ನೆಂಟರ ಹಾಗೆ, ಬಂದ ಹೊತ್ತಿಗೆ ಬಂತು. ಬಂದರೆ ಹೆಚ್ಚಾಗಿ ದಸರಾ ಆಸುಪಾಸಿಗೇ.

ಈ ಸಲವೂ ಹಾಗೇ ಆಯಿತು. ಮೊದಲು ಹೇಳಿದೆನಲ್ಲ, ಅದಕ್ಕೂ ಹಿಂದಿನ ಗುರುವಾರ. ಆಯುಧಪೂಜೆ ಮುಗಿದು ಒಂದು ವಾರ ಕಳೆದಿತ್ತು. ಅಕ್ಕನನ್ನು ಮೊಳಕಾಲ್ಮೂರಿನಿಂದ ಕರೆದುಕೊಂಡು ಬರುತ್ತಿದ್ದೆ. ಸೋಮವಾರ ಒಂದು ಸಲ, ಗುರುವಾರ ಒಂದು ಸಲ. ಆರು ತಿಂಗಳಿಂದ ಇದೇ ನಮ್ಮ ವಾರ. ಅವಳ ಮಗ, ಸೊಸೆ ರೇಷ್ಮೆ ಸೀರೆಯ ಮಗ್ಗ ನೋಡಿಕೊಳ್ಳುತ್ತಾರೆ. ಅಕ್ಕನ ಓಡಾಟ ನನಗೆ ಬಿಡಿ ಅಂತ ನಾನೇ ಹಟ ಮಾಡಿ ತೆಗೆದುಕೊಂಡಿದ್ದೆ. (ಚಿಕ್ಕವನಿದ್ದಾಗ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಓಡಾಡಿದವಳು ಅವಳು. ಈಗ ನನ್ನ ಸರದಿ.)

ಅವತ್ತು ದಾರಿಯಲ್ಲೇ ಮಳೆ ಶುರುವಾಯಿತು. ವೈಪರ್ ಚೆನ್ನಾಗೇ ಓಡಿತು. ತಳಕು ದಾಟಿದ ಮೇಲೆ ನಿಧಾನವಾಯಿತು. ಆಮೇಲೆ ಕುಂಟಿತು. ಊರು ಇನ್ನೂ ಸ್ವಲ್ಪ ದೂರ ಇರುವಾಗ ನಿಂತಿತು. ಅದೃಷ್ಟಕ್ಕೆ ಮಳೆಯೂ ನಿಂತಿತು. ಅಕ್ಕನನ್ನು ಆಸ್ಪತ್ರೆಗೆ ಬಿಟ್ಟು ಬಂದು ಸ್ವಿಚ್ ಹಾಕಿದರೆ, ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಓಡುತ್ತಿದೆ!

ಬಿಸಿಯಾದರೆ ನಿಲ್ಲುತ್ತದೆ, ತಣ್ಣಗಾದರೆ ಓಡುತ್ತದೆ. ಇದನ್ನು ಎಷ್ಟು ಸಾವಿರ ಸಲ ನೋಡಿಲ್ಲ ನಾನು? ಕಾಯಿಲ್ ಹೋಗಿದೆ. ಅಲ್ಲೇ ತೀರ್ಪು ಬರೆದುಬಿಟ್ಟೆ. ಸಂಜೆ ವಾಪಸ್ಸು ಬಿಡುವಾಗ ಅಕ್ಕನಿಗೂ ಮೋಟಾರು ಹೋಗಿದೆ ಅಂತಲೇ ಹೇಳಿದೆ.

ಮಾರನೇ ದಿನ ಜಬಿಯ ಶೆಡ್ಡಿಗೆ ಹೋದೆ. ಜಬಿ ನಮ್ಮೂರ ಕಾರ್ ಮೆಕ್ಯಾನಿಕ್. ಅಪ್ಪನ ಕಾಲದಿಂದಲೂ ಅವರದು ಅದೇ ಕಸುಬು. ಕೆಲಸಗಾರ. ಬಾಯಿ ಮಾತ್ರ ಸುಮ್ಮನಿರುವುದಿಲ್ಲ.

"ಅರೆ, ಮೋಟಾರ್ ಡಾಕ್ಟ್ರು ನಮ್ಮ ಕ್ಲಿನಿಕ್ಕಿಗೆ!" ಅಂದ.

"ವೈಪರ್ ಮೋಟಾರ್ ಹೋಗೈತೆ. ಬಿಚ್ಚಿ ಕೊಡು. ನಾನೇ ಸರಿ ಮಾಡ್ಕೊಂಡು ತರ್ತೀನಿ."

"ಮೋಟಾರ್ ಆಮೇಲೆ ನೋಡಾಣ ಅಣ್ಣಾ. ಮೊದ್ಲು ವೈಪರ್ ಕಡ್ಡಿ ಬುಡ ಬಿಚ್ತೀನಿ. ಎಲ್ಲಾದ್ರೂ ಟೈಟ್ ಆಗಿರ್ತೈತೆ, ಹಳೇ ಗಾಡಿ."

"ಲೇ ಜಬಿ, ನೀನು ಚಡ್ಡಿ ಹಾಕ್ಕೊಂಡು ಓಡಾಡೋವಾಗ ನಾನು ಹತ್ತು ಹೆಚ್‌ಪಿ ಮೋಟಾರ್ ಕಟ್ತಿದ್ದೆ. ನಂಗೆ ಹೇಳಿಕೊಡ್ತೀಯಾ?"

ಅವನು ನಕ್ಕ. "ಇಲ್ಲಪ್ಪಾ, ನೀವು ಉಸ್ತಾದ್. ನಿಮ್ಮ ಗಾಡಿ, ನಿಮ್ಮ ಮೋಟಾರು." ಸ್ಪ್ಯಾನರ್ ತೊಗೊಂಡ. ಹತ್ತು ನಿಮಿಷದಲ್ಲಿ ಮೋಟಾರ್ ಬಿಚ್ಚಿ ನನ್ನ ಕೈಗಿಟ್ಟ. 

ಅಂಗಡಿಗೆ ತಂದು ಟೇಬಲ್ ಮೇಲಿಟ್ಟು ಬ್ಯಾಟರಿ ಕೊಟ್ಟೆ. ಗಿರ್ರಂತ ತಿರುಗಿತು. ಒಂದು ಗಂಟೆ ಬಿಟ್ಟೆ. ಬೆಚ್ಚಗಾಯಿತೇ ಹೊರತು ನಿಲ್ಲಲಿಲ್ಲ. ಮೀಟರ್ ಹಿಡಿದೆ. ಕರೆಂಟ್ ಸರಿಯಾಗೇ ಎಳೆಯುತ್ತಿದೆ. ಕಾಯಿಲ್‌ನಲ್ಲಿ ಸುಟ್ಟ ವಾಸನೆ ಇಲ್ಲ, ಬಣ್ಣ ಬದಲಾಗಿಲ್ಲ.

ಬೇರೆ ಯಾರದಾದರೂ ಮೋಟಾರ್ ಆಗಿದ್ದರೆ ಆ ಕ್ಷಣವೇ ಹೇಳುತ್ತಿದ್ದೆ: "ಇದರಲ್ಲಿ ಏನೂ ಇಲ್ಲ ಕಣ್ರಿ, ಹೊರಗೆ ಹುಡುಕಿ." ಆದರೆ ಇದು ನನ್ನದು. ಜಬಿ ಮುಂದೆ ಬೇರೆ ಹೇಳಿ ಬಂದಿದ್ದೇನೆ. ಹಾಗಾಗಿ ಏನು ಮಾಡಿದೆ ಗೊತ್ತಾ? ಚೆನ್ನಾಗೇ ಇದ್ದ ಕಾರ್ಬನ್ ಬ್ರಷ್ ತೆಗೆದು ಹೊಸದು ಹಾಕಿದೆ. ಕ್ಲೀನ್ ಆಗಿದ್ದನ್ನೇ ಇನ್ನೊಂದು ಸಲ ಕ್ಲೀನ್ ಮಾಡಿದೆ. ಹೊಸ ಗ್ರೀಸ್ ತುಂಬಿದೆ. ತೊಗೊಂಡು ಹೋಗಿ ಕೂರಿಸಿದೆ. ನಾಲ್ಕು ಚೊಂಬು ನೀರು ಗಾಜಿಗೆ ಹೊಯ್ದು ಸ್ವಿಚ್ ಹಾಕಿದೆ. ಸರಸರ ಓಡಿತು.

"ನೋಡಿದ್ಯಾ?" ಅಂದೆ ಜಬಿಗೆ.

"ನೋಡ್ದೆ," ಅಂದ. ಅಷ್ಟೇ.

ಸೋಮವಾರ ಅಕ್ಕನಿಗೆ ಜ್ವರ ಬಂತು. ಬಿ.ಪಿ. ಇಳಿದಿತ್ತು. ಅವತ್ತಿನ ಡಯಾಲಿಸಿಸ್ ತಪ್ಪಿತು. ಬುಧವಾರದ ಹೊತ್ತಿಗೆ ಮುಖ ಊದಿತ್ತು, ಕಾಲು ಊದಿತ್ತು, ನಾಲ್ಕು ಹೆಜ್ಜೆ ಇಟ್ಟರೆ ಉಸಿರು. ಫೋನಿನಲ್ಲಿ ಡಾಕ್ಟರು ಒಂದೇ ಮಾತು ಹೇಳಿದರು: "ನಾಳೇದು ಏನೇ ಆದ್ರೂ ತಪ್ಪಿಸಬೇಡಿ."

ಗುರುವಾರ ಬೆಳಿಗ್ಗೆ ಮೊಳಕಾಲ್ಮೂರಿಗೆ ಹೋದಾಗ ಆಕಾಶ ಬೂದಿ ಬಣ್ಣಕ್ಕಿತ್ತು. ಅಕ್ಕನ ಮಗ ಮೇಲೆ ನೋಡಿದ. ಆಮೇಲೆ ನನ್ನ ಕಾರು ನೋಡಿದ.

"ಮಾಮಾ, ಮೋಡ ಐತೆ. ಬೇರೆ ಗಾಡಿ ಹೇಳ್ಲಾ?"

"ಯಾಕೆ, ಇದಕ್ಕೇನಾಗೈತೆ?"

"ವೈಪರು ಹೋದ್ಸಲ..."

"ಬಿಚ್ಚಿ ಕಟ್ಟಿದ್ದು ನಾನು ಕಣೋ. ಕೂರ್ಸು ನಿಮ್ಮವ್ವನ್ನ."

ಅವನು ಕೂರಿಸಿದ. ಅಕ್ಕ ಏನೂ ಅನ್ನಲಿಲ್ಲ. ಡಯಾಲಿಸಿಸ್ ಸೂಜಿ ಹಾಕುವ ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಳು.

ಹಾನಗಲ್ ಹತ್ತಿರ ಹನಿ ಶುರುವಾಯಿತು. ವೈಪರ್ ಹಾಕಿದೆ. ಗಡಿಯಾರದ ಹಾಗೆ ಓಡಿತು. ಅಕ್ಕನ ಕಡೆ ನೋಡಿ ಹುಬ್ಬು ಹಾರಿಸಿದೆ. ಅವಳು ಹೊರಗೆ ನೋಡುತ್ತಿದ್ದಳು. ಮಳೆ ಜೋರಾಯಿತು. ಬಿ.ಜಿ. ಕೆರೆ ಬಂತು. ಕಡ್ಡಿಗಳು ನಿಧಾನವಾದವು.  ಇನ್ನೂ ನಿಧಾನ. ಆಮೇಲೆ, ಗಾಜಿನ ಮಧ್ಯಕ್ಕೆ ಬಂದು, ನಿಂತವು.

ಒಂದು ಕ್ಷಣದಲ್ಲಿ ರಸ್ತೆ ಮಾಯ! ಎದುರಿಗೆ ಬರುವ ಲಾರಿ ಎಷ್ಟು ದೂರದಲ್ಲಿದೆ ಗೊತ್ತಿಲ್ಲ. ಪಕ್ಕದ ಬಿಳಿ ಗೆರೆ ಎಲ್ಲಿದೆ ಗೊತ್ತಿಲ್ಲ. ಕಿಟಕಿ ಇಳಿಸಿ ತಲೆ ಹೊರಗೆ ಹಾಕಿ, ಒಂದು ಕೈಯಲ್ಲಿ ಬಟ್ಟೆ ಹಿಡಿದು ಗಾಜು ಒರೆಸುತ್ತಾ ಸ್ವಲ್ಪ ದೂರ ಹೋದೆ. ಹಿಂದಿನಿಂದ ಬಸ್ಸೊಂದು ಹಾರ್ನ್ ಬಾರಿಸುತ್ತಾ ಕನ್ನಡಿಗೆ ತಾಗುವಷ್ಟು ಹತ್ತಿರ ಹಾದು ಹೋಯಿತು.  ಎಡಕ್ಕೆ ತೆಗೆದು ನಿಲ್ಲಿಸಿದೆ.

"ಏಮಿರಾ ತಿಪ್ಪೇಶಾ, ಬಂತಾ ಊರು?" ಅಂದಳು ಅಕ್ಕ. ಮೊಳಕಾಲ್ಮೂರಿಗೆ ಮದುವೆಯಾಗಿ ಹೋದ ಮೇಲೆ ಅವಳ ಬಾಯಿಗೆ ತೆಲುಗು ಹತ್ತಿಕೊಂಡಿದೆ. ಅದರಲ್ಲೂ ಅಣಕಿಸುವಾಗ.

"ಹತ್ತು ನಿಮಿಷ ಅಕ್ಕಾ. ಮೋಟಾರ್ ತಣ್ಣಗಾದ್ರೆ ಓಡ್ತೈತೆ."

(ಮಳೆಯಲ್ಲಿ ಸಿಕ್ಕಿಕೊಂಡ ಲಾರಿ ಡ್ರೈವರುಗಳು ಬೀಡಿ ಹೊಗೆಸೊಪ್ಪು ಗಾಜಿಗೆ ಉಜ್ಜುತ್ತಾರಂತೆ, ಹನಿ ನಿಲ್ಲುವುದಿಲ್ಲವಂತೆ. ನಾನು ಬೀಡಿ ಸೇದುವವನಲ್ಲ. ಅವತ್ತೊಂದು ದಿನ ಅದಕ್ಕೂ ಬೇಜಾರಾಯಿತು.)

ಹತ್ತು ನಿಮಿಷ ಬಿಟ್ಟು ಸ್ವಿಚ್ ಹಾಕಿದೆ. ನಾಲ್ಕು ಸಲ ಆಡಿತು, ನಿಂತಿತು. ಮತ್ತೆ ಕಾದೆ. ಎರಡೇ ಸಲ ಆಡಿತು. ಗಂಟೆ ಎಂಟೂ ಮುಕ್ಕಾಲು. ಪಕ್ಕದಲ್ಲಿ ಉಸಿರು ಕೇಳಿಸುತ್ತಿತ್ತು. ಮಳೆ ಸದ್ದಿನಲ್ಲೂ ಕೇಳಿಸುತ್ತಿತ್ತು ಅಂದರೆ ಊಹೆ ಮಾಡಿ.

ಆಂಬುಲೆನ್ಸಿಗೆ ಫೋನ್ ಮಾಡಬೇಕಿತ್ತು. ಗಾಡಿ ಪಕ್ಕಕ್ಕೆ ನಿಲ್ಲಿಸಿದಾಗಲೇ ಮಾಡಬೇಕಿತ್ತು. ಯಾಕೆ ಮಾಡಲಿಲ್ಲ? ಆಂಬುಲೆನ್ಸಿನವರು ಬಂದು "ಏನಾಯ್ತು ಗಾಡಿಗೆ?" ಅಂತ ಕೇಳುತ್ತಾರೆ. ನಾನು "ವೈಪರ್ ಮೋಟಾರ್" ಅನ್ನಬೇಕು. ಅಕ್ಕ ಉಸಿರಿಗೆ ಒದ್ದಾಡುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಇದು. ಬರೆಯುವುದಕ್ಕೇ ನಾಚಿಕೆಯಾಗುತ್ತಿದೆ.

ಕೊನೆಗೆ ಫೋನ್ ತೆಗೆದೆ. "ಇನ್ನೊಂದೇ ಸಲ ನೋಡಿ ಮಾಡ್ತೀನಿ," ಅಂತ ಸ್ವಿಚ್ಚಿಗೆ ಕೈ ಹಾಕಿದೆ.

"ಹಾಕು. ಹಾಕಿ ಬಾಯಿ ಮುಚ್ಚು," ಅಂದಳು ಅಕ್ಕ.

ಹಾಕಿದೆ. ಡ್ಯಾಶ್‌ಬೋರ್ಡ್ ಹಿಂದೆ 'ಊಂ' ಅಂತ ಒಂದು ನರಳಿಕೆ. ಕಡ್ಡಿಗಳು ಅಲುಗಿದವು, ಮುಂದಕ್ಕೆ ಹೋಗಲಿಲ್ಲ. ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು.

"ಇನ್ನೊಂದ್ಸಲ."

ಹಾಕಿದೆ.

"ನಿನ್ನ ಮೋಟಾರಿಗೆ ಏನೂ ಆಗಿಲ್ಲ ಕಣೋ. ಅದು ಹೊರಟೈತೆ. ಯಾರೋ ಕೈ ಹಿಡ್ಕೊಂಡವ್ರೆ. ನೋಡು, ನಿನ್ನ ಕಡೆ ಕಡ್ಡಿ ಮೊದ್ಲು ಅಲ್ಲಾಡ್ತೈತೆ, ನನ್ನ ಕಡೇದು ಆಮೇಲೆ. ಈ ಬುಡದಾಗೆ ಎಳೆ ಸಿಕ್ಕಂಡೈತೆ."

"ಎಂಥ ಎಳೆ? ಇದೇನು ಮಗ್ಗಾನಾ?"

"ತಿರುಗೋದೆಲ್ಲಾ ಮಗ್ಗಾನೇ. ಹೋಗಿ ನೋಡು."

ನಲವತ್ತು ವರ್ಷ ಮಗ್ಗದ ಮುಂದೆ ಕೂತವಳು ಅವಳು. ಒಂದು ಎಳೆ ಸಿಕ್ಕಿಕೊಂಡರೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ ಅನ್ನುತ್ತಾಳೆ. ನಾನು ಮಳೆಗೆ ಇಳಿದೆ. ಎಡಗಡೆ ಕಡ್ಡಿಯ ಬುಡಕ್ಕೆ, ಅದು ಕಾರಿನ ಮೈಯೊಳಗೆ ಇಳಿಯುವ ಸಂದಿಗೆ ಬೆರಳು ಹಾಕಿದೆ. ಏನೋ ಮೆತ್ತಗೆ. ಬಗ್ಗಿ ನೋಡಿದೆ. ದಾರ! ಕಪ್ಪಗೆ, ಬಿಗಿಯಾಗಿ, ಹತ್ತಾರು ಸುತ್ತು.

ಈಗ ಹೇಳುತ್ತೇನೆ ಕೇಳಿ, ಆ ದಾರ ಎಲ್ಲಿಯದು ಅಂತ. ಆಯುಧಪೂಜೆ ದಿನ ನಮ್ಮ ಅಂಗಡಿ ಸಾಲಿನಲ್ಲಿ ಗಾಡಿಗಳಿಗೆ ಸೇವಂತಿಗೆ ಹಾರ ಹಾಕುತ್ತೇವೆ. ಕಟ್ಟಲು ಬೇರೆ ಜಾಗ ಎಲ್ಲಿದೆ? ಒಂದು ತುದಿ ವೈಪರ್ ಕಡ್ಡಿ ಬುಡಕ್ಕೆ, ಇನ್ನೊಂದು ತುದಿ ಬಾನೆಟ್ ಮುಂದಕ್ಕೆ. ಕಟ್ಟಿದ ಹಾರವನ್ನು ಕೈಯಿಂದ ಕಿತ್ತು ತೆಗೆಯುವ ಹಾಗಿಲ್ಲ. ತಾನಾಗಿ ಒಣಗಬೇಕು, ತಾನಾಗಿ ಬೀಳಬೇಕು. ನಮ್ಮಪ್ಪ ಸೈಕಲ್ಲಿಗೂ ಹಾಗೇ ಮಾಡುತ್ತಿದ್ದ. ಹೂವು ಒಣಗಿ ಹೈವೇ ಗಾಳಿಗೆ ಹಾರಿಹೋಯಿತು. ಹಾರ ಹೋಯಿತು ಅಂದುಕೊಂಡೆ. ಹೂವು ಹೋದರೂ ದಾರ ಇರುತ್ತದೆ ಅಂತ ಯಾರಿಗೆ ನೆನಪಾಗುತ್ತದೆ? ಬುಡದಲ್ಲಿ ಉಳಿದ ತುಂಡು ಕಡ್ಡಿ ಆಡಿದ ಹಾಗೆ ಸುತ್ತಿಕೊಳ್ಳುತ್ತಾ ಒಳಗೆ ಇಳಿದಿತ್ತು.

ದಾರ ಎಳೆದೆ. ಬರಲಿಲ್ಲ. ಇನ್ನೂ ಜೋರಾಗಿ ಎಳೆದೆ. ತುದಿ ಕಿತ್ತು ಕೈಗೆ ಬಂತು. ಉಳಿದದ್ದು ಇನ್ನೂ ಬಿಗಿಯಿತು.

ಕಿಟಕಿ ಇಳಿಸಿ ನೋಡುತ್ತಿದ್ದ ಅಕ್ಕ ಹಣೆ ಚಚ್ಚಿಕೊಂಡಳು. "ಎಳೀಬ್ಯಾಡ್ವೋ! ನೆಂದ ನೂಲು ಎಳೆದ್ರೆ ಕಚ್ಕೊಂತೈತೆ. ತುದಿ ಹುಡುಕು."

"ತುದಿ ಕಿತ್ತೋಯ್ತು."

"ಕಿತ್ತಾಕ್ದ್ಯಾ? ಸರಿ. ಬಾಗಿಲು ತೆಗಿ."

"ಬ್ಯಾಡ ಅಕ್ಕಾ, ಒಳಗೆ ಕೂತ್ಕೋ..."

"ತೆಗೀತೀಯೋ ಇಲ್ವೋ?"

ಮಾತು ಮುಗಿಸುವಷ್ಟರಲ್ಲಿ ಅವಳ ಉಸಿರು ಮೂರು ಸಲ ಕಡಿಯಿತು. ಬಾಗಿಲು ತೆಗೆದೆ. ಸೂಜಿ ಹಾಕುವ ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿದೆ. ಡಿಕ್ಕಿಯಲ್ಲಿದ್ದ ಟಾರ್ಪಾಲು ತೆಗೆದು ಅವಳ ತಲೆ ಮೇಲೆ ಹಿಡಿದು ನಿಂತೆ. ಅವಳು ಬಾನೆಟ್ಟಿಗೆ ಮೊಣಕೈ ಊರಿ ಬಗ್ಗಿದಳು. ಬಳೆಯಲ್ಲಿ ಸಿಕ್ಕಿಸಿದ್ದ ಪಿನ್ನು ತೆಗೆದಳು. ಊದಿದ ಬೆರಳುಗಳು. ಆ ಬೆರಳಲ್ಲಿ ಕಡ್ಡಿ ಬುಡ ಸವರುತ್ತಾ ಸವರುತ್ತಾ ಒಂದು ಕಡೆ ನಿಲ್ಲಿಸಿದಳು. ಪಿನ್ನಿನ ಮೊನೆಯಿಂದ ಒಂದು ಎಳೆ ಮೇಲೆತ್ತಿದಳು. ಎಳೆಯಲಿಲ್ಲ. ಹಿಂದಕ್ಕೆ ತಳ್ಳಿದಳು. ಸಡಿಲವಾಯಿತು. ಇನ್ನೊಂದು ಎಳೆ. ಅದನ್ನೂ ತಳ್ಳಿದಳು.

ಲಾರಿಗಳು ಹೋಗುತ್ತಿದ್ದವು. ಒಂದೊಂದು ಲಾರಿಗೂ ನಮ್ಮಿಬ್ಬರ ಮೇಲೆ ಕೆಸರು. "ಅಕ್ಕಾ, ಸಾಕು, ಆಂಬುಲೆನ್ಸಿಗೆ ಮಾಡ್ತೀನಿ," ಅಂದೆ. 

"ಟಾರ್ಪಾಲು ಸರಿಯಾಗಿ ಹಿಡಿ," ಅಂದಳು.

ಐದು ನಿಮಿಷವೋ, ಏಳು ನಿಮಿಷವೋ. ನನ್ನ ಪಾಲಿಗೆ ಒಂದು ಯುಗ. ದಾರ ಸುತ್ತು ಸುತ್ತಾಗಿ ಬಿಚ್ಚಿಕೊಂಡು ಬಂತು. ಮಧ್ಯೆ ಮಧ್ಯೆ ಕೊಳೆತ ಹಳದಿ ಎಸಳು. ಕೊನೆಯ ಸುತ್ತು ಬಂದಾಗ ಅವಳು ಅದನ್ನು ನನ್ನ ಅಂಗೈಗೆ ಹಾಕಿ, "ತೊಗೋ ಉಸ್ತಾದ್, ನಿನ್ನ ಕಾಯಿಲ್ಲು," ಅಂದಳು. ಕೂಡಲೇ ಬಾನೆಟ್ಟಿಗೆ ಒರಗಿಬಿಟ್ಟಳು. ಹಿಡಿದು ಒಳಗೆ ಕೂರಿಸಿದೆ.

ಸ್ವಿಚ್ ಹಾಕಲು ಕೈ ಬರಲಿಲ್ಲ. ಹಾಕಿದೆ. ಕಡ್ಡಿಗಳು ಎದ್ದವು. ಒಂದು ಸಲ. ಎರಡು ಸಲ. ಹತ್ತು ಸಲ. ತಳಕು ಬಂತು, ಹೋಯಿತು. ನಿಲ್ಲಲಿಲ್ಲ. ಪ್ರತಿಯೊಂದು ಸಲವೂ ನಾನು ಉಸಿರು ಹಿಡಿದು ಎಣಿಸುತ್ತಿದ್ದೆ. ಒಂದು ಕಣ್ಣು ಕಡ್ಡಿಯ ಮೇಲೆ, ಒಂದು ಕಣ್ಣು ಅಕ್ಕನ ಮೇಲೆ. ಅವಳ ತುಟಿ ನೀಲಿಗೆ ತಿರುಗುತ್ತಿದೆಯೇನೋ ಅನ್ನಿಸುತ್ತಿತ್ತು. ಒದ್ದೆಯಾಗಿ ಚಳಿಗೆ ಹಾಗಾಯಿತೋ, ನನ್ನ ಹೆದರಿಕೆಗೆ ಹಾಗೆ ಕಂಡಿತೋ ದೇವರಿಗೇ ಗೊತ್ತು.

ಬೇಕಾದರೆ ಮೋಟಾರಿನ ಪಾಠ ಇಷ್ಟೇ: ಒಣಗಿದ್ದಾಗ ನೂಲು ಸಡಿಲ, ಕಡ್ಡಿ ಓಡುತ್ತದೆ. ಕಾಲು ಗಂಟೆ ಮಳೆ ಕುಡಿದರೆ ನೂಲು ಉಬ್ಬಿ ಬಿಗಿಯುತ್ತದೆ. ಮೋಟಾರು ತಿಣುಕುತ್ತದೆ, ಬಿಸಿಯಾಗುತ್ತದೆ, ತನ್ನನ್ನು ಉಳಿಸಿಕೊಳ್ಳಲು ತಾನೇ ನಿಲ್ಲುತ್ತದೆ. ನಾಲ್ಕು ಚೊಂಬು ನೀರಿಗೆ ಇದು ಗೊತ್ತಾಗುವುದಿಲ್ಲ. ಟೇಬಲ್ ಮೇಲೆ ಒಂಟಿಯಾಗಿ ತಿರುಗಿಸಿದರಂತೂ ಗೊತ್ತಾಗುವುದೇ ಇಲ್ಲ. ಜಬಿ ಹೇಳಿದ ಹಾಗೆ ಕಡ್ಡಿ ಬುಡ ಬಿಚ್ಚಿದ್ದರೆ ಎರಡು ನಿಮಿಷದ ಕೆಲಸ. (ಜಬಿಗೆ ಇದನ್ನೆಲ್ಲ ಹೇಳಿದೆ. ಅವನು ನಗಲಿಲ್ಲ. "ಅಕ್ಕ ಹೆಂಗವ್ರೆ?" ಅಂತ ಮಾತ್ರ ಕೇಳಿದ. ನಕ್ಕಿದ್ದರೆ ಚೆನ್ನಾಗಿತ್ತು.)

ಆಸ್ಪತ್ರೆ ಮುಟ್ಟಿದಾಗ ಹತ್ತೂ ಹತ್ತು. ಸಿಸ್ಟರ್ ಬಾಗಿಲಲ್ಲೇ ನಿಂತಿದ್ದರು. "ಏನ್ ಸಾರ್ ಇದು, ಪೇಷಂಟನ್ನ ಮಳೇಲಿ ನಡೆಸ್ಕೊಂಡು ಬಂದ್ರಾ?" ಅಂತ ಬೈದು ಒದ್ದೆ ಸೀರೆ ಬದಲಿಸಿ ಮಲಗಿಸಿದರು. ಆಕ್ಸಿಜನ್ ಹಾಕಿದರು. ಮೆಷಿನ್ ಹಾಕಿದರು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಪ್ಯಾಂಟಿನಿಂದ ನೀರು ಸೋರಿ ನೆಲದ ಮೇಲೆ ಹರಿಯುತ್ತಿತ್ತು. ಯಾರಾದರೂ ಬಿಳಿ ಕೋಟಿನವರು ಆ ಬಾಗಿಲಿಂದ ಹೊರಗೆ ಬಂದರೆ ಸಾಕು, ಎದ್ದು ನಿಲ್ಲುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಎರಡು ನಿಮಿಷ ಒಳಗೆ ಬಿಟ್ಟರು. ಅಕ್ಕನ ಉಸಿರು ಹದಕ್ಕೆ ಬಂದಿತ್ತು. ಮುಖದ ಊತ ಸ್ವಲ್ಪ ಇಳಿದಿತ್ತು. ನಾನು ಸ್ಟೂಲ್ ಎಳೆದುಕೊಂಡು ಕೂತೆ.

"ಅಕ್ಕಾ, ಅದು ದಾರ ಅಂತ ನಿಂಗೆ ಯಾವಾಗ ಗೊತ್ತಾಯ್ತು?"

"ಹೋದ ಗುರುವಾರ," ಅಂದಳು.

"ಹೋದ ಗುರುವಾರಾನಾ? ಮೊದ್ಲ ಸಲ ನಿಂತಾಗಲೇ?"

"ಹೂಂ. ಸದ್ದು ಕೇಳಿಸ್ತಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವಳು ನನ್ನನ್ನೇ ನೋಡಿದಳು. ಕೋಪ ಇರಲಿಲ್ಲ, ಅಣಕ ಇರಲಿಲ್ಲ. ತೆಲುಗೂ ಇರಲಿಲ್ಲ.

"ನೀನು ಮೋಟಾರು ಅಂದ್ಯಲ್ಲಪ್ಪಾ," ಅಂದು ಕಣ್ಣು ಮುಚ್ಚಿದಳು.

ಒಂದು ವಾರ. ಗೊತ್ತಿದ್ದೂ ಒಂದು ವಾರ ಸುಮ್ಮನಿದ್ದಳು. ಮೋಡ ಕಟ್ಟಿದ ಆಕಾಶದ ಕೆಳಗೆ, ಉಸಿರು ಸಿಗದ ಎದೆ ಹಿಡಿದುಕೊಂಡು, ಆ ವೈಪರ್ ನಿಂತೇ ನಿಲ್ಲುತ್ತದೆ ಅಂತ ಗೊತ್ತಿದ್ದೂ ನನ್ನ ಕಾರು ಹತ್ತಿ ಕೂತಳು. ಮಗ ಬೇರೆ ಗಾಡಿ ಹೇಳುತ್ತೇನೆ ಅಂದಾಗಲೂ ಬಾಯಿ ಬಿಡಲಿಲ್ಲ. ಮೋಟಾರಿನ ವಿಷಯದಲ್ಲಿ ಈ ಮನೆತನದಲ್ಲಿ ಯಾರ ಮಾತು ನಡೆಯುತ್ತದೆ ಅಂತ ಅವಳಿಗೆ ಗೊತ್ತಿತ್ತು. ಅದನ್ನು ಗೊತ್ತು ಮಾಡಿಸಿದವನು ನಾನು. ಮೂವತ್ತು ವರ್ಷ ತೆಗೆದುಕೊಂಡು ಗೊತ್ತು ಮಾಡಿಸಿದ್ದೇನೆ.

ನಾನು ಒಬ್ಬನೇನಾ ಹೀಗೆ? ದುಡಿದು ಮೇಲೆ ಬಂದ ಗಂಡಸರು ನಾವು, ನಮಗೆ ಗೊತ್ತಿರುವುದರ ಬಗ್ಗೆ ಎಷ್ಟು ಜೋರಾಗಿ ಮಾತಾಡುತ್ತೇವೆ ಅಂದರೆ, ಗೊತ್ತಿಲ್ಲದ್ದನ್ನು ಹೇಳಲು ಬಂದವರು ಬಾಗಿಲಲ್ಲೇ ವಾಪಸ್ಸು ಹೋಗುತ್ತಾರೆ. ಅದನ್ನೇ ನಾವು ಮರ್ಯಾದೆ ಅಂದುಕೊಳ್ಳುತ್ತೇವೆ.

ನಿಮ್ಮ ಪಕ್ಕದ ಸೀಟಿನಲ್ಲಿ ಕೂತವರು "ಅದು ಹಂಗಲ್ಲ" ಅಂತ ನಿಮಗೆ ಕೊನೇ ಸಲ ಹೇಳಿದ್ದು ಯಾವಾಗ?